ನೆಲ್ಯಹುದಿಕೇರಿಯ ಜಲವ್ರತಿ

ಕೊಡಗಿನಲ್ಲಿ ಕಾವೇರಿಯ ಒಂದು ದಡದಲ್ಲಿ ನೆಲ್ಯಹುದಿಕೇರಿಯೂ ಸೇತುವೆಯಾಚೆಯ ಇನ್ನೊಂದು ದಡದಲ್ಲಿ ಸಿದ್ದಾಪುರವೂ ಇದ್ದು, ಸುತ್ತಲಿನ ರೊಬಸ್ಟಾ ಕಾಫಿ ತೋಟಗಳು ಮತ್ತು ಅವುಗಳ ನೆರಳುಮರಗಳಿಗೆ ಹಬ್ಬಿದ ಕರಿಮೆಣಸು ಈ ಎರಡೂ ಊರುಗಳ ಬದುಕನ್ನು ನಡೆಸುತ್ತವೆ. ಹೊಳೆ ಕಣ್ಣೆದುರಿಗೇ ಇರುವ, ಮಳೆಗಾಲದಲ್ಲಿ ಛತ್ರಿ ಒಣಗಲು ಪುರುಸೊತ್ತಿಲ್ಲದ ಇಂಥ ಊರಿನಲ್ಲಿ ನೀರು ಕುಡಿಯುವುದನ್ನೇ ಒಂದು ಸಾಧನೆಯೆಂದು ಬಗೆದು, ಆ ಸಾಧನೆಯನ್ನು ಇತರರಿಗೂ ಬೋಧಿಸುತ್ತಾ ತಿರುಗುವ ವ್ಯಕ್ತಿಯೊಬ್ಬ ಈಚಿನ ವರ್ಷಗಳಲ್ಲಿ ರೂಪುಗೊಂಡಿರುವುದು ಸಮಾಜವನ್ನು ಅಭ್ಯಾಸ ಮಾಡುವವರು ಗಮನಿಸಬೇಕಾದ ಸಂಗತಿ. ವಿವೇಚನೆಯ ಅನುಕೂಲಕ್ಕಾಗಿ ಈತನನ್ನು ಇಲ್ಲಿ ‘ಜಲವ್ರತಿ’ ಎಂದು ಕರೆಯಲಾಗಿದೆ. ಎಂದರೆ, ದೇಹದ ತೂಕ ಇಳಿಸುವ ಉದ್ದೇಶದಿಂದ ಊಟ, ತಿಂಡಿ, ನಿದ್ದೆ, ನಡಿಗೆ ಇವುಗಳಲ್ಲಿ ಯಾವುದನ್ನೂ ಬದಲಿಸದೆ, ಅವೆಲ್ಲದರ ಮೇಲೆ ದಿನಕ್ಕೆ ನಾಲ್ಕು ಲೀಟರ್ ನೀರನ್ನು ಸುರಿದುಕೊಳ್ಳುವ ಸಂಕಲ್ಪ ಮಾಡಿದವನು.

ಜಲವ್ರತಿಗೆ ಸಾಮಾನ್ಯವಾಗಿ ನಲವತ್ತೈದರಿಂದ ಐವತ್ತೈದರ ಪ್ರಾಯ. ಅವನು ಕೆಲವು ಎಕರೆ ಕಾಫಿ ತೋಟದ ಮಾಲೀಕನಾಗಿರಬಹುದು, ಬಜಾರಿನಲ್ಲಿ ಅಂಗಡಿ ಇಟ್ಟವನಾಗಿರಬಹುದು, ಗಲ್ಫಿನಿಂದ ಮರಳಿ ಬಂದವನೂ ಆಗಿರಬಹುದು. ಕನ್ನಡ, ಮಲಯಾಳ, ಕೊಡವ ತಕ್ಕ್, ತುಳು, ತಮಿಳು ಎಲ್ಲವೂ ಕೇಳಿಬರುವ ಈ ಊರಿನಲ್ಲಿ ಜಾತಿ, ಮತ, ಭಾಷೆಗಳ ಭೇದವಿಲ್ಲದೆ ಎಲ್ಲರಲ್ಲೂ ಹರಡಿರುವ ವ್ರತ ಇದೊಂದೇ ಎಂದರೂ ನಡೆದೀತು. ಈ ವ್ರತ ಹಿಡಿದವರಲ್ಲಿ ಗಂಡಸರೇ ಹೆಚ್ಚೆಂಬುದಕ್ಕೆ ಒಂದು ಕಾರಣವಿದೆ, ಅದು ಮುಂದೆ ತಿಳಿಯುತ್ತದೆ. ಅವನನ್ನು ಗುರುತಿಸುವುದು ಕೈಯಲ್ಲಿರುವ ಬಾಟಲಿಯಿಂದ. ಆ ಬಾಟಲಿ ಪಾರದರ್ಶಕವಾಗಿದ್ದು, ಅದರ ಮೈಮೇಲೆ ಬೆಳಗಿನ ಏಳರಿಂದ ರಾತ್ರಿಯ ಒಂಬತ್ತರವರೆಗೆ ಗಂಟೆಗಳ ಗೆರೆಗಳಿರುತ್ತವೆ. ಪ್ರತಿ ಗೆರೆಯ ಪಕ್ಕದಲ್ಲೂ ಕುಡಿಯುವವನನ್ನು ಹುರಿದುಂಬಿಸುವ ಒಂದು ಇಂಗ್ಲಿಷ್ ಮಾತು ಅಚ್ಚಾಗಿರುತ್ತದೆ. ಗೆರೆ ಹಿಂದುಳಿದರೆ ಅವನ ಮುಖ ಬಾಡುತ್ತದೆ, ಮುಂದೆ ಹೋದರೆ ನಡಿಗೆಯಲ್ಲಿ ಗತ್ತು ಕಾಣುತ್ತದೆ. ಮೊಬೈಲು ಗಂಟೆಗೊಮ್ಮೆ ಎಚ್ಚರಿಸುವುದರಿಂದ, ಗ್ರಾಮಸಭೆಯಲ್ಲಿ ರಸ್ತೆಯ ಗುಂಡಿಯ ಮಾತು ಕಾವೇರಿರುವಾಗಲೂ, ಸಾವಿನ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕುಳಿತಿರುವಾಗಲೂ, ಅವನ ಜೇಬಿನಿಂದ ಹನಿ ತೊಟ್ಟಿಕ್ಕುವ ಸದ್ದೊಂದು ಕೇಳಿಬರುತ್ತದೆ.

ಅವನ ದಿನ ಉಷಃಪಾನದಿಂದ ಆರಂಭವಾಗುತ್ತದೆ. ಉಷಃಪಾನ ಎಂದರೆ ನಸುಕಿನಲ್ಲಿ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ, ಬಹುಮಟ್ಟಿಗೆ ರಾತ್ರಿಯೆಲ್ಲ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ಕುಡಿಯುವ ಹಳೆಯ ರೂಢಿ. ಅದರ ವಿಷಯದಲ್ಲಿ ಯಾರ ತಕರಾರೂ ಇಲ್ಲ. ತಕರಾರು ಹುಟ್ಟುವುದು ಎರಡನೆಯ ಲೋಟದಲ್ಲಿ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ, ಕೊಡಗಿನ ಜೇನು ಬೆರೆಸಿ, ಇದು ಆಯುರ್ವೇದವೆಂದು ಹೇಳಿ ಕುಡಿಯುವ ಜಲವ್ರತಿಗೆ, ಜೇನನ್ನು ಬಿಸಿಮಾಡಿಯಾಗಲಿ ಬಿಸಿಯಾದುದರ ಜೊತೆಗಾಗಲಿ ಸೇವಿಸಬಾರದೆಂದು ಚರಕಸಂಹಿತೆಯೇ ನಿಷೇಧಿಸಿರುವ ಸಂಗತಿಯನ್ನು ಯಾರೂ ತಿಳಿಸಿಲ್ಲ. ಜೇನು ಪ್ರಕೃತಿಯ ಕೊಡುಗೆಯಾದ್ದರಿಂದ ಲೆಕ್ಕಕ್ಕೆ ಬರುವುದಿಲ್ಲವೆಂಬ ನಂಬಿಕೆಯಲ್ಲಿ ಅವನು ಒಂದು ದೊಡ್ಡ ಚಮಚದ ಬದಲು ಮೂರು ಹಾಕಿಕೊಳ್ಳುತ್ತಾನೆ. ಪ್ರತಿ ಚಮಚದಲ್ಲೂ ಸುಮಾರು 60 ಕ್ಯಾಲೊರಿ ಇರುವುದರಿಂದ, ಕೊಬ್ಬು ಕರಗಿಸಲು ಕುಡಿದ ಲೋಟವೇ ಎರಡು ಇಡ್ಲಿಗಳಿಗಿಂತ ಹೆಚ್ಚಿನ ಶಕ್ತಿಯನ್ನು ಹೊಟ್ಟೆಗೆ ಇಳಿಸಿರುತ್ತದೆ.

ಆದರೂ ನಿಂಬೆ ಮತ್ತು ಜೇನು ಇಡೀ ನಾಡಿಗೆ ಸೇರಿದವು. ಕೊಡಗಿನ ಜಲವ್ರತಿಯ ವೈಶಿಷ್ಟ್ಯವಿರುವುದು ಮೂರನೆಯ ಲೋಟದಲ್ಲಿ, ಅಂದರೆ ಕಾಚಂಪುಳಿಯಲ್ಲಿ. ಕಾಚಂಪುಳಿ ಎಂಬುದು ಉಪ್ಪಾಗೆ ಎಂಬ ಮರದ ಮಾಗಿದ ಹಣ್ಣಿನಿಂದ ಇಳಿಯುವ ರಸವನ್ನು ಸಂಗ್ರಹಿಸಿ, ಗಟ್ಟಿಯಾಗಿ ಕಪ್ಪಾಗುವವರೆಗೆ ಕುದಿಸಿ ತಯಾರಿಸುವ ಹುಳಿ. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿಕರಿಗೆ ಬಣ್ಣವನ್ನೂ ರುಚಿಯನ್ನೂ ಕೊಡುವುದು ಇದೇ. ಅದೇ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹೊಗೆಯಲ್ಲಿಟ್ಟರೆ ಅದು ಮಲಯಾಳಿಗಳ ಕುಡಂಪುಳಿಯಾಗಿ ಮೀನಿನ ಸಾರಿಗೆ ಬೀಳುತ್ತದೆ. ಹೀಗೆ ನೆಲ್ಯಹುದಿಕೇರಿಯ ಎರಡು ಅಡುಗೆಮನೆಗಳನ್ನು ಸದ್ದಿಲ್ಲದೆ ಬೆಸೆದಿರುವ ಈ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ವಸ್ತುವಿದ್ದು, ಅದು ಸಕ್ಕರೆ ಕೊಬ್ಬಾಗಿ ಬದಲಾಗುವುದನ್ನು ತಡೆಯುತ್ತದೆಂಬ ಸುದ್ದಿ 1990ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿತು. ಅಲ್ಲಿನ ಬೊಜ್ಜಿಗಾಗಿ ಇಲ್ಲಿನ ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆಗೆ ಬೆಲೆ ಏರಿ, ಹಣ್ಣು ಮಾಗುವ ಮೊದಲೇ ಕೊಂಬೆ ಕಡಿದು ಕೊಯ್ಯುವವರೂ ಹುಟ್ಟಿಕೊಂಡರು. 1998ರಲ್ಲಿ ನ್ಯೂಯಾರ್ಕಿನ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಆಮ್ಲದ ಮಾತ್ರೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಹನ್ನೆರಡು ವಾರ ಕೊಟ್ಟು ನೋಡಿದಾಗ, ತೂಕ ಇಳಿಸುವುದರಲ್ಲಿ ನಿಜಮಾತ್ರೆ ಹುಸಿಮಾತ್ರೆಗಿಂತ ಮೇಲೆಂದು ಕಂಡುಬರಲಿಲ್ಲ. ನ್ಯೂಯಾರ್ಕಿನವರೆಗೆ ಹೋಗುವ ಅಗತ್ಯವೇ ಇರಲಿಲ್ಲ ಎನ್ನಬೇಕು. ಕಾಚಂಪುಳಿಗೆ ಕೊಬ್ಬು ಕರಗಿಸುವ ಶಕ್ತಿಯಿದ್ದಿದ್ದರೆ ಅದರ ಮೊದಲ ಪ್ರತಾಪ ಪಂದಿಕರಿಯ ಪಾತ್ರೆಯಲ್ಲೇ ಕಾಣಬೇಕಿತ್ತು. ಅಲ್ಲಿ ತೇಲುವ ನೆಣ ತಲೆಮಾರುಗಳಿಂದಲೂ ಅದಕ್ಕೆ ಸೊಪ್ಪು ಹಾಕಿದಂತಿಲ್ಲ.

ಜಲವ್ರತಿಗೆ ವಿದ್ಯೆಯಿಲ್ಲವೆಂದು ಇದರಿಂದ ತಿಳಿಯಬಾರದು. ಅವನು ಓದುತ್ತಾನೆ, ಕೇಳುತ್ತಾನೆ, ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುತ್ತಾನೆ. ಆದರೆ ಪ್ರತಿಯೊಂದು ಶಾಸ್ತ್ರದಿಂದಲೂ ಒಂದೇ ವಾಕ್ಯವನ್ನು ಕಲಿತು, ಪಕ್ಕದ ವಾಕ್ಯ ಬರುವಷ್ಟರಲ್ಲಿ ನೀರು ಕುಡಿಯಲು ಎದ್ದುಹೋಗುತ್ತಾನೆ. ದಿನಕ್ಕೆ ಎಂಟು ಲೋಟವೆಂಬ ಪ್ರಸಿದ್ಧ ನಿಯಮದ ಕಥೆಯೂ ಇದೇ. ಅದರ ಮೂಲವೆಂದು ಸಾಮಾನ್ಯವಾಗಿ ತೋರಿಸಲಾಗುವ ದಾಖಲೆಯಲ್ಲಿ, 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿಯು, ಸೇವಿಸುವ ಪ್ರತಿ ಕ್ಯಾಲೊರಿಗೆ ಒಂದು ಮಿಲಿಲೀಟರ್ ನೀರು ದೇಹಕ್ಕೆ ತಕ್ಕ ಪ್ರಮಾಣವೆಂದು ಹೇಳಿತು. ಲೆಕ್ಕ ಹಾಕಿದರೆ ಇದು ಎರಡರಿಂದ ಎರಡೂವರೆ ಲೀಟರ್ ಆಗುತ್ತದೆ. ಅದರ ಮುಂದಿನ ವಾಕ್ಯದಲ್ಲಿಯೇ, ಈ ನೀರಿನ ಬಹುಪಾಲು ಸಿದ್ಧಪಡಿಸಿದ ಆಹಾರದಲ್ಲೇ ಇರುತ್ತದೆಂದು ಮಂಡಳಿ ಸ್ಪಷ್ಟಪಡಿಸಿತ್ತು. ಬೆಂದ ಅನ್ನದ ತೂಕದಲ್ಲಿ ಮೂರನೆಯ ಎರಡು ಪಾಲು ನೀರೇ ಆಗಿರುವಾಗ, ಸಾರು, ಮಜ್ಜಿಗೆ, ಗಂಜಿ, ಕಿತ್ತಳೆಗಳೆಲ್ಲ ನೀರಿನ ಬಾಬ್ತಿಗೇ ಜಮೆಯಾಗುವಾಗ, ಜಲವ್ರತಿ ಅವುಗಳನ್ನೆಲ್ಲ ತಿಂದು, ಕುಡಿದು, ಆಮೇಲೆ ನೀರಿನ ಖಾತೆಯನ್ನು ಸೊನ್ನೆಯಿಂದ ಆರಂಭಿಸುತ್ತಾನೆ. ಆರೋಗ್ಯವಂತರೆಲ್ಲರೂ ದಿನವೂ ಎಂಟು ಲೋಟ ನೀರು ಕುಡಿಯಲೇಬೇಕೆಂಬುದಕ್ಕೆ ಆಧಾರವೇನೆಂದು ಮೂತ್ರಪಿಂಡ ತಜ್ಞ ಹೈನ್ಸ್ ವಾಲ್ಟಿನ್ ಹುಡುಕಿ ನೋಡಿ, ತಮಗೆ ಯಾವ ವೈಜ್ಞಾನಿಕ ಆಧಾರವೂ ಸಿಗಲಿಲ್ಲವೆಂದು 2002ರಲ್ಲಿ ಪ್ರಕಟಿಸಿದರು.

ಬಾಯಾರಿಕೆಯಾದ ಮೇಲೆ ಕುಡಿದರೆ ತಡವಾದಂತೆ ಎಂಬುದು ಅವನ ಇನ್ನೊಂದು ಸಿದ್ಧಾಂತ. ರಕ್ತದಲ್ಲಿ ಲವಣದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಸಾಕು, ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಅದನ್ನು ಗುರುತಿಸಿ, ಮೂತ್ರವನ್ನು ಮಂದಗೊಳಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸಿ, ಜೊತೆಗೆ ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ದೇಹ ಬತ್ತಿಹೋಗುವುದಕ್ಕೆ ಬಹಳ ಮೊದಲೇ ನಡೆಯುವ ಈ ಏರ್ಪಾಡು ಮನುಷ್ಯಕುಲವನ್ನು ಇಲ್ಲಿಯವರೆಗೆ ತಂದಿದೆ. ಮುಪ್ಪಿನವರಲ್ಲಿ ಈ ಅರಿವು ಮಂದವಾಗುವುದುಂಟು, ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಹೆಚ್ಚು ನೀರು ಕುಡಿಯಬೇಕೆಂದು ವೈದ್ಯರೇ ಹೇಳುವುದುಂಟು, ಹೃದಯ ದುರ್ಬಲವಾದ ಕೆಲವರಿಗೆ ನೀರನ್ನು ಅಳೆದು ಕುಡಿಯಬೇಕೆಂಬ ನಿರ್ಬಂಧವೂ ಉಂಟು. ಈ ವ್ಯತ್ಯಾಸಗಳಾವುವೂ ಬಾಟಲಿಯ ಗೆರೆಗಳಿಗೆ ತಿಳಿಯವು. ಮೂತ್ರಪಿಂಡಗಳು ಗಂಟೆಗೆ ಹೊರಹಾಕಬಲ್ಲ ನೀರು ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಅದನ್ನು ಮೀರಿ ಸುರಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಕೊನೆಗೆ ಪ್ರಾಣಾಪಾಯವೂ ಆಗಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷಿಸಲಾದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಹೀಗೆ ಇಳಿದಿತ್ತು. ಅವರು ಓಡಿಯಾದರೂ ಓಡಿದ್ದರು. ಜಲವ್ರತಿ ಅದೇ ಅಪಾಯಕ್ಕೆ ಕುರ್ಚಿಯಲ್ಲಿ ಕುಳಿತೇ ಕೈಹಾಕುತ್ತಾನೆ.

ನೀರು ಕೊಬ್ಬನ್ನು ಸುಡುತ್ತದೆಂಬ ಅವನ ಮುಖ್ಯ ವಾದವನ್ನು ಅಂಕಗಣಿತದಿಂದಲೇ ಪರೀಕ್ಷಿಸಬಹುದು. ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾಗುವ ಶಾಖ. ಆದುದರಿಂದ 22 ಡಿಗ್ರಿಯ ಅರ್ಧ ಲೀಟರ್ ನೀರನ್ನು 37 ಡಿಗ್ರಿಯ ದೇಹದ ಶಾಖಕ್ಕೆ ಏರಿಸಲು ದೇಹಕ್ಕೆ ತಗಲುವ ಖರ್ಚು ಏಳೂವರೆ ಕ್ಯಾಲೊರಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ಈ ಮಾರ್ಗದಲ್ಲಿ ಒಂದು ಕಿಲೋ ಕರಗಿಸಲು 500 ಲೀಟರಿಗೂ ಹೆಚ್ಚು ನೀರು ಬೇಕು. ಅಷ್ಟೂ ಆದೀತೆಂದು ಇಟ್ಟುಕೊಂಡರೂ, ಜಲವ್ರತಿ ಕುಡಿಯುವುದು ಬಿಸಿನೀರು. ದೇಹ ಮಾಡಬೇಕಾಗಿದ್ದ ಅಷ್ಟು ಸಣ್ಣ ಕೆಲಸವನ್ನೂ ಅವನ ಮನೆಯ ಗ್ಯಾಸ್ ಒಲೆ ಮೊದಲೇ ಮಾಡಿ ಮುಗಿಸಿರುತ್ತದೆ.

ನೀರಿನಿಂದ ತೂಕಕ್ಕೆ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅದೂ ಅನ್ಯಾಯ. ಊಟಕ್ಕೆ ಮೊದಲು ನೀರು ಕುಡಿದವನು ಕೃಶನಾಗುತ್ತಾನೆ, ನಡುವೆ ಕುಡಿದವನು ಸಮನಾಗಿರುತ್ತಾನೆ, ಕೊನೆಯಲ್ಲಿ ಕುಡಿದವನು ಸ್ಥೂಲನಾಗುತ್ತಾನೆ ಎಂಬ ಅಭಿಪ್ರಾಯ ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. 2010ರಲ್ಲಿ ಅಮೆರಿಕದ ವರ್ಜೀನಿಯಾದ ಸಂಶೋಧಕರು 55ರಿಂದ 75 ವಯಸ್ಸಿನವರಲ್ಲಿ ಒಂದು ಗುಂಪಿಗೆ ಊಟಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿಸಿ ನೋಡಿದಾಗ, ಹನ್ನೆರಡು ವಾರಗಳಲ್ಲಿ ಅವರ ತೂಕ ಉಳಿದವರಿಗಿಂತ ಸುಮಾರು ಎರಡು ಕಿಲೋ ಹೆಚ್ಚು ಇಳಿಯಿತು. ಇವೆರಡನ್ನೂ ಜಲವ್ರತಿ ಬಾಯಿಪಾಠ ಮಾಡಿಕೊಂಡಿದ್ದಾನೆ. ಅಮೆರಿಕದ ಪ್ರಯೋಗದಲ್ಲಿ ಎರಡು ಗುಂಪಿನವರೂ ಕಡಿಮೆ ಕ್ಯಾಲೊರಿಯ ಮಿತಾಹಾರದಲ್ಲಿದ್ದರು ಎಂಬ ಮುಂದಿನ ವಾಕ್ಯವನ್ನು ಮಾತ್ರ ಅವನು ಎಂದಿನಂತೆ ಬಿಟ್ಟಿದ್ದಾನೆ. ವಾಗ್ಭಟನ ವಿಷಯದಲ್ಲಿ ಅವನು ಬಿಟ್ಟದ್ದು ಹಿಂದಿನದನ್ನು, ಏಕೆಂದರೆ ಅದೇ ಶ್ಲೋಕದ ಪೂರ್ವಾರ್ಧವು ಶರತ್ಕಾಲ ಮತ್ತು ಬೇಸಿಗೆಗಳನ್ನು ಬಿಟ್ಟು ಉಳಿದ ಕಾಲದಲ್ಲಿ ಆರೋಗ್ಯವಂತನೂ ಸ್ವಲ್ಪವೇ ನೀರು ಕುಡಿಯಬೇಕೆಂದು ಹೇಳುತ್ತದೆ.

ಮಿತಾಹಾರದ ಮಾತು ಬಂದಲ್ಲಿ ಜಲವ್ರತಿಯ ನಿಜಸ್ವರೂಪ ಕಾಣುತ್ತದೆ. ಅವನ ಶಾಸ್ತ್ರದಲ್ಲಿ ಕೂಡುವುದಿದೆ, ಕಳೆಯುವುದಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ, ಹತ್ತೂವರೆಗೆ ಬಜಾರಿನಲ್ಲಿ ಬಾಳೆಹಣ್ಣು ಕರಿದ ಪಳಂಪೊರಿ, ಸಂಜೆ ಪರೋಟ, ಮದುವೆಯ ಮನೆಯಲ್ಲಿ ಅಕ್ಕಿಯ ಕಡಂಬುಟ್ಟು, ನೂಪುಟ್ಟು. ಇವುಗಳಲ್ಲಿ ಯಾವುದಕ್ಕೂ ಅವನು ಅಗೌರವ ತೋರುವುದಿಲ್ಲ. ಬದಲಿಗೆ ಪ್ರತಿಯೊಂದಕ್ಕೂ ಒಂದು ಪ್ರಾಯಶ್ಚಿತ್ತದ ಲೋಟವನ್ನು ನಿಗದಿ ಮಾಡಿದ್ದಾನೆ: ಪಳಂಪೊರಿಗೆ ಒಂದು, ಪರೋಟಕ್ಕೆ ಎರಡು. ಕಾಫಿಯ ಬಗ್ಗೆ ಅವನಿಗೆ ವಿಶೇಷ ಭಯ. ಅದು ದೇಹದ ನೀರನ್ನೆಲ್ಲ ಹಿಂಡಿ ತೆಗೆಯುತ್ತದೆಂದು ನಂಬಿ ಕಪ್ಪಿಗೊಂದು ಲೋಟ ನೀರು ಕುಡಿಯುತ್ತಾನೆ. ಕಾಫಿ ಕುಡಿದು ರೂಢಿಯಾದ 50 ಗಂಡಸರಿಗೆ ದಿನಕ್ಕೆ ನಾಲ್ಕು ಬಾರಿ ಕಾಫಿ ಕೊಟ್ಟು ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಪರೀಕ್ಷಿಸಿದಾಗ, ಅಷ್ಟೇ ನೀರು ಕುಡಿದ ದಿನಗಳಿಗೂ ಕಾಫಿ ಕುಡಿದ ದಿನಗಳಿಗೂ ದೇಹದ ಜಲಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದು 2014ರಲ್ಲಿ ಪ್ರಕಟವಾಗಿದೆ. ಅವನು ಹೆದರಬೇಕಾಗಿದ್ದದ್ದು ಕಾಫಿಯೊಳಗಿನ ಸಕ್ಕರೆಗೆ: ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚವೆಂದರೆ 50 ಗ್ರಾಂ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಮೀರದಿದ್ದರೆ ಮೇಲೆಂದು ಸೂಚಿಸುವ 25 ಗ್ರಾಮಿನ ಎರಡರಷ್ಟು. ಆ ಸಕ್ಕರೆಯನ್ನು ಬಿಟ್ಟು ಕಾಫಿ ಕುಡಿದಿದ್ದರೆ ದಿನಕ್ಕೆ 200 ಕ್ಯಾಲೊರಿ ಉಳಿಯುತ್ತಿತ್ತು. ಸಿಹಿ ಪಾನೀಯದ ಜಾಗದಲ್ಲಿ ನೀರು ಕುಡಿದರೆ ತೂಕ ಇಳಿಯುವುದು ನಿಜವೇ. ಜಲವ್ರತಿ ಅದನ್ನು ಜಾಗದಲ್ಲಿ ಕುಡಿಯದೆ ಜೊತೆಯಲ್ಲಿ ಕುಡಿಯುತ್ತಾನೆ.

ನಡಿಗೆಯ ವಿಷಯ ಎತ್ತಿದರೆ ಅವನು ಕಾಡಾನೆಯನ್ನು ಮುಂದೆ ಮಾಡುತ್ತಾನೆ. ಈ ನೆವವನ್ನು ಪೂರ್ತಿ ನಗೆಯಾಡಿ ತಳ್ಳಿಹಾಕುವಂತಿಲ್ಲ. ಸಿದ್ದಾಪುರ, ನೆಲ್ಯಹುದಿಕೇರಿಗಳ ತೋಟಗಳಲ್ಲಿ ಆನೆಗಳು ಓಡಾಡುವುದೂ, ನಸುಕಿನಲ್ಲಿ ದಾರಿಗೆ ಬಿದ್ದವರು ಪ್ರಾಣ ಕಳೆದುಕೊಂಡಿರುವುದೂ ಎಲ್ಲರಿಗೂ ಗೊತ್ತಿರುವ ಕಹಿಸತ್ಯ. ಆದರೆ ಜಲವ್ರತಿಯ ಆನೆ ಸಂಜೆ ಐದಕ್ಕೆ ಹಾಡುಹಗಲಿನ ಬಜಾರು ರಸ್ತೆಯಲ್ಲೂ ನಿಂತಿರುತ್ತದೆ, ಅರಣ್ಯ ಸಿಬ್ಬಂದಿ ಹಿಂಡನ್ನು ಕಾಡಿಗಟ್ಟಿದ ಮರುದಿನವೂ ಅವನ ಮನೆಯ ಗೇಟಿನಾಚೆ ಕಾಯುತ್ತಿರುತ್ತದೆ, ಪರೋಟ ತರಲು ಹೊರಟಾಗ ಮಾತ್ರ ದಾರಿ ಬಿಡುತ್ತದೆ. ಅವನಿಗೆ ದಕ್ಕುವ ವ್ಯಾಯಾಮ ರಾತ್ರಿಯದು. ಒಂಬತ್ತರ ಗೆರೆ ಮುಟ್ಟಿಸಿ ಮಲಗಿದವನು ಹನ್ನೊಂದಕ್ಕೆ, ಒಂದೂವರೆಗೆ, ನಾಲ್ಕಕ್ಕೆ ಎದ್ದು ಬಚ್ಚಲಿಗೆ ನಡೆಯುತ್ತಾನೆ. ನಿದ್ದೆಗೆಟ್ಟರೆ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುವುದರಿಂದ ಮರುದಿನದ ಅಕ್ಕಿರೊಟ್ಟಿ ಎರಡರ ಬದಲು ನಾಲ್ಕಾಗುತ್ತದೆ. ಮಡಿಕೇರಿಗೆ ಬಸ್ಸಿನಲ್ಲಿ ಹೋಗಬೇಕಾದ ದಿನ ವ್ರತಕ್ಕೆ ರಜೆ. ಮರೆತು ಕುಡಿದು ಹತ್ತಿದನಾದರೆ, ದಾರಿಯ ಚೆಟ್ಟಳ್ಳಿಯ ತಿರುವುಗಳಲ್ಲಿ ಅವನು ಕಂಡಕ್ಟರನ ಮುಖವನ್ನು ನೋಡುವ ಬಗೆಯನ್ನು ವರ್ಣಿಸದಿರುವುದೇ ಮೇಲು.

ವಿಚಿತ್ರವೆಂದರೆ, ನೀರು ಯಾವಾಗ ಬೇಕು, ಎಷ್ಟು ಬೇಕು ಎಂಬುದನ್ನು ಈ ಮನುಷ್ಯನಷ್ಟು ಚೆನ್ನಾಗಿ ಬಲ್ಲವರು ನಾಡಿನಲ್ಲಿ ಕಡಿಮೆ. ಫೆಬ್ರುವರಿ, ಮಾರ್ಚ್‌ಗಳಲ್ಲಿ ಕಾಫಿಯ ಮೊಗ್ಗುಗಳನ್ನು ಅರಳಿಸಲು ಬೀಳಬೇಕಾದ ಹೂಮಳೆ, ಅದಾದ ಕೆಲವು ವಾರಗಳಿಗೆ ಕಾಯಿ ಕಚ್ಚಲು ಬೇಕಾದ ಹಿಂಬಾಲಕ ಮಳೆ, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕಾದ ಗಳಿಗೆ ಇವೆಲ್ಲ ಅವನಿಗೆ ಬೆರಳ ತುದಿಯಲ್ಲಿವೆ. ಮಳೆ ಅತಿಯಾದರೆ ಎಲೆ, ಕಾಯಿಗಳು ಕಪ್ಪಾಗಿ ಉದುರುವ ಕೊಳೆರೋಗದ ಹೆಸರೆತ್ತಿದರೆ ಅವನ ಮುಖ ಕಪ್ಪಾಗುತ್ತದೆ. ಕಾಫಿ ಗಿಡಕ್ಕೆ ಹೊತ್ತುಗೊತ್ತಿಲ್ಲದೆ ನೀರು ಹೊಯ್ಯುವವನನ್ನು ಅವನು ಹುಚ್ಚನೆನ್ನುತ್ತಾನೆ, ಹಾಗೆನ್ನುತ್ತಲೇ ಬಾಟಲಿಯ ಮುಚ್ಚಳ ತೆರೆಯುತ್ತಾನೆ. ನೀರಿನ ಬಗ್ಗೆ ಹಗುರವಾಗಿ ಮಾತನಾಡುವುದು ಈ ಊರಿನಲ್ಲಿ ಸುಲಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡು, ಗುಹ್ಯಗಳ ಹೊಳೆದಂಡೆಯ ಮನೆಗಳನ್ನು ಕೆಡವಿದಾಗ ನೆಲೆ ಕಳೆದುಕೊಂಡವರು ಇನ್ನೂ ಇದೇ ಬಜಾರಿನಲ್ಲಿ ಓಡಾಡುತ್ತಾರೆ.

ಜಲವ್ರತಿಯ ಬೋಧನೆ ಕೊಯ್ಲಿನ ಕಾಲದಲ್ಲಿ ತೋಟವನ್ನೂ ಮುಟ್ಟುತ್ತದೆ. ಬೆಳಿಗ್ಗೆಯಿಂದ ಇಳಿಜಾರಿನಲ್ಲಿ ಹತ್ತಿ ಇಳಿದು ಹಣ್ಣು ಬಿಡಿಸುವ, ಸಂಜೆ ಚೀಲ ಹೊತ್ತು ತೂಕಕ್ಕೆ ತರುವ ಹೆಂಗಸರನ್ನು ನಿಲ್ಲಿಸಿ, ಅವರು ಸಾಕಷ್ಟು ನೀರು ಕುಡಿಯುತ್ತಿಲ್ಲವೆಂದೂ, ಅದರಿಂದಲೇ ಅವರಿಗೆ ಸುಸ್ತಾಗುತ್ತಿದೆಯೆಂದೂ ಅವನು ವಿವರಿಸುತ್ತಾನೆ. ಕೊಬ್ಬಿನ ಮಾತಿಗೆ ಆ ಮೈಗಳಲ್ಲಿ ಅವಕಾಶವಿಲ್ಲದಿದ್ದರೂ, ಬಿಸಿಲಿನಲ್ಲಿ ದುಡಿಯುವವರಿಗೆ ನೀರು ಬೇಕೆಂಬ ಮಟ್ಟಿಗೆ ಅವನ ಮಾತು ಸರಿಯಾಗಿಯೇ ಇದೆ. ಅವನ ಜನ್ಮದಲ್ಲಿ ಅವನು ಸರಿಯಾದ ಜಾಗದಲ್ಲಿ ಮಾಡಿದ ಉಪದೇಶ ಇದೊಂದೇ. ಅದಕ್ಕೆ ಸಿಗುವ ಉತ್ತರವೂ ಸರಿಯಾದದ್ದೇ: “ಕುಡೀಬೋದು ಸಾವ್ಕಾರ್ರೆ, ಆಮೇಲೆ ಹೋಗೋದೆಲ್ಲಿಗೆ?” ತೋಟದಲ್ಲಿ ಕುಡಿಯುವ ನೀರನ್ನೂ ಶೌಚಾಲಯವನ್ನೂ ಒದಗಿಸುವುದು ಮಾಲೀಕನ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಒಂದೇ ಉಸಿರಿನಲ್ಲಿ ಹೇಳಿತ್ತು, ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ, ಹದಿನೈದಕ್ಕೆ ಕಡಿಮೆಯಿಲ್ಲದ ಆಳುಗಳಿರುವ ತೋಟಗಳಿಗೆ. ಸಣ್ಣ ಬೆಳೆಗಾರನಾದ ಜಲವ್ರತಿ ಇಲ್ಲಿಯೂ ನೀರಿನ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡವನು. ಹೆಂಗಸರು ಬಾಯಾರಿಕೆಯನ್ನು ತಡೆದು ಸಂಜೆಯವರೆಗೆ ಇರುತ್ತಾರೆ. ಜಲವ್ರತಿಗಳಲ್ಲಿ ಗಂಡಸರೇ ಹೆಚ್ಚಾಗಿರುವುದಕ್ಕೆ ಬೇರೆ ಸಂಶೋಧನೆ ಬೇಡ.

ಇಷ್ಟೆಲ್ಲದರ ಫಲ ಗೊತ್ತಾಗುವುದು ಕಾಫಿ ವ್ಯಾಪಾರಿಯ ಮಳಿಗೆಯಲ್ಲಿ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಅಪಾಯವೆಂದು ವೈದ್ಯರು ಹೇಳುತ್ತಾರಾದರೂ, ಒಂದು ದರ್ಜಿಯ ಟೇಪಿನಿಂದ ಮುಗಿಯುವ ಆ ಪರೀಕ್ಷೆ ಜಲವ್ರತಿಗೆ ಹಿಡಿಸುವುದಿಲ್ಲ. ಚೆರಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿಯ ಮೂಟೆಗಳನ್ನು ತೂಗಿಸಿದ ಬಳಿಕ ಅದೇ ತಕ್ಕಡಿಯ ಮೇಲೆ ಅವನೂ ನಿಲ್ಲುತ್ತಾನೆ. ರೊಬಸ್ಟಾ ಚೆರಿಯಲ್ಲಿ ತೇವಾಂಶ ಶೇ 11ರ ಆಸುಪಾಸಿಗೆ ಇಳಿಯಬೇಕು, ಹೆಚ್ಚಿದ್ದರೆ ವ್ಯಾಪಾರಿ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಮುಂಗಾರಿನಲ್ಲಿ 84 ಕಿಲೋ ಇದ್ದ ತನ್ನ ತೂಕ ಕೊಯ್ಲಿನ ಹೊತ್ತಿಗೆ 86 ಆಗಿರುವುದನ್ನು ಕಂಡು ಯಂತ್ರವೇ ಸರಿಯಿಲ್ಲವೆಂದು ಜಲವ್ರತಿ ದೂರಿದಾಗ, ಕಾಳನ್ನು ಅಂಗೈಯಲ್ಲಿ ಅಲ್ಲಾಡಿಸಿಯೇ ತೇವ ಹೇಳಬಲ್ಲ ವ್ಯಾಪಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, “ತಕ್ಕಡಿ ಸರಿಯಾಗೇ ಇದೆ ಸಾರ್, ಮಾಲು ಒಣಗಿಲ್ಲ” ಎನ್ನುತ್ತಾನೆ. ಜಲವ್ರತಿ ತೂಕ ನೋಡಿಸಿಕೊಳ್ಳುವುದು ಬೆಳಗಿನ ಎರಡು ಲೀಟರ್ ಮುಗಿಸಿದ ಮೇಲೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ.